ಹಿತ್ತಿಲ ತಡೆಗೋಡೆ

ದೇವರೇ ಎದುರಿಗೆ ನಿಂತು ವರ ಕೊಟ್ಟರೂ ಹಸಿರು ಶಾಯಿಯಕ್ಕ ರಸೀದಿ ಕೇಳುತ್ತಾಳೆ ಎಂದು ಬೀದಿಯವರು ಹೇಳುತ್ತಿದ್ದರು. ಪಕ್ಕದ ಮನೆಯ ಬೀಗ ರಿಪೇರಿಯವನು ಅದಕ್ಕೊಂದು ಬಾಲ ಸೇರಿಸುತ್ತಿದ್ದ: ರಸೀದಿ ಕೊಟ್ಟ ಮಾತ್ರಕ್ಕೆ ದೇವರು ಪಾರಾದ ಅಂದುಕೊಳ್ಳಬೇಡಿ, ದಿನಾಂಕ ಸರಿಯಿಲ್ಲ ಅಂತ ಅಕ್ಕ ಅದನ್ನು ವಾಪಸು ಕಳಿಸುತ್ತಾಳೆ. ಹಾಲಿನವಳು ಆ ಮನೆಯ ಬಾಗಿಲಿಗೆ ಬಂದಾಗ ಮಾತ್ರ ಅಳತೆಯ ಪಾತ್ರೆಯನ್ನು ಅಂಚಿನ ತನಕ ತುಂಬಿಸಿ, ಮೇಲೆ ಎರಡು ತೊಟ್ಟು ಚೆಲ್ಲಿ, ಹೆಚ್ಚು ಹಾಕಿದ್ದನ್ನೂ ಬರೆದುಕೊಳ್ಳಿ ಅಕ್ಕ ಅನ್ನುತ್ತಿದ್ದಳು. ಅಕ್ಕ ನಿಜವಾಗಿಯೂ ಬರೆದುಕೊಳ್ಳುತ್ತಿದ್ದಳು.

ಆ ಹೆಸರು ಬಂದದ್ದು ಬೆರಳಿನಿಂದ. ನಗರಸಭೆಯಲ್ಲಿ ಹಸಿರು ಶಾಯಿಯಲ್ಲಿ ಬರೆಯುವ ಹಕ್ಕು ಲೆಕ್ಕ ತಪಾಸಣೆ ಕೋಣೆಯವರಿಗೆ ಮಾತ್ರ. ವರ್ಷಗಟ್ಟಲೆ ಬರೆದು ಬರೆದು ಅವಳ ನಡುಬೆರಳಿನ ಗಂಟಿನ ಮೇಲೆ ಒಂದು ಹಸಿರು ಕಲೆ ಕೂತುಬಿಟ್ಟಿತ್ತು. ಸೋಪಿಗೂ ಜಗ್ಗದು, ಕಲ್ಲಿಗೂ ಜಗ್ಗದು. ಅವಳ ಅತ್ತೆ ಬಂದವರಿಗೆಲ್ಲ ಅದನ್ನು ತೋರಿಸಿ, ನನ್ನ ಸೊಸೆ ಕೂತಲ್ಲಿಂದ ಏಳೋದಿಲ್ಲ, ಬೆರಳಿಗೆ ಪಾಚಿ ಕಟ್ಟಿದೆ ಎನ್ನುತ್ತಿದ್ದಳು.

ಅತ್ತೆಯ ಮಾತು ಸುಳ್ಳು. ಆ ಕಚೇರಿಯಲ್ಲಿ ಕುರ್ಚಿ ಬಿಟ್ಟು ಎದ್ದು ಹೋಗುತ್ತಿದ್ದವಳು ಅವಳೊಬ್ಬಳೇ. ತಪಾಸಣೆಯ ಹಾಳೆಯಲ್ಲಿ ಮೂರು ಖಾನೆಗಳಿದ್ದವು: ಬಿಲ್ಲು, ಅಳತೆ, ಕಂಡೆ. ಮೊದಲಿನ ಎರಡಕ್ಕೆ ಮೇಜಿನ ಮುಂದೆ ಕೂತೇ ಗೀಟು ಹಾಕಬಹುದು. ಮೂರನೆಯದಕ್ಕೆ ಕಾಲು ಸವೆಸಬೇಕು. ಕಂಡೆ ಎಂದು ಬರೆಯುವುದಕ್ಕೆ ಮೊದಲು ಅವಳು ಕೊಡೆ ಹಿಡಿದು ಹೊರಟು, ದೀಪದ ಕಂಬಗಳನ್ನು ಮುಟ್ಟಿ ಎಣಿಸಿ, ಚರಂಡಿಯ ಮುಚ್ಚಳಗಳನ್ನು ಹಿಮ್ಮಡಿಯಿಂದ ಕುಟ್ಟಿ ಸದ್ದು ಕೇಳಿ ಬರುತ್ತಿದ್ದಳು. ಒಮ್ಮೆ ಉದ್ಯಾನಕ್ಕೆ ಹದಿನೆಂಟು ಬೆಂಚು ಹಾಕಿಸಿದ ಬಿಲ್ಲು ಬಂತು. ಅವಳು ಹೋಗಿ ಒಂದೊಂದರ ಮೇಲೂ ಕೂತು ಎಣಿಸಿದಳು. ಹದಿನಾಲ್ಕಕ್ಕೆ ಬೆಂಚು ಮುಗಿದವು. ಹಿಂದೆಯೇ ಬರುತ್ತಿದ್ದ ಮಾಲಿ ಕೈಮುಗಿದು, "ನಾಲ್ಕರ ಮೇಲೆ ಇನ್ನೊಂದ್ಸಲ ಕೂತುಬಿಡಿ ಅಮ್ಮ, ಸರಿಹೋಗುತ್ತೆ" ಅಂದನಂತೆ. ಬೀದಿಯಲ್ಲಿ ಈ ಕತೆಯನ್ನು ಹತ್ತು ವರ್ಷ ಹೇಳಿಕೊಂಡು ನಕ್ಕರು.

ಬೀದಿ ಎಂದರೆ ಒಂದೇ ಸಾಲಿನ ಹನ್ನೊಂದು ಮನೆ. ಮುಂದೆ ಕಿರಿದಾದ ರಸ್ತೆ. ಹಿಂದೆ ಹಿತ್ತಿಲು, ಹಿತ್ತಿಲಾಚೆ ಹಳ್ಳ. ಮೇಲಿನ ಬಡಾವಣೆಗಳ ನೀರೆಲ್ಲ ಆ ಹಳ್ಳಕ್ಕೇ ಇಳಿಯಬೇಕು. ಬೇಸಿಗೆಯಲ್ಲಿ ಅದು ಬೆಕ್ಕಿನ ಹಾಗೆ ಮಲಗಿರುತ್ತಿತ್ತು. ಮಳೆ ಬಿತ್ತೆಂದರೆ ಎದ್ದು ದಡದ ಜೇಡಿಮಣ್ಣನ್ನು ಕಚ್ಚಿ ಕಚ್ಚಿ ನುಂಗುತ್ತಿತ್ತು. ಅಕ್ಕನ ಮನೆ ಎರಡು ಕೋಣೆ, ಒಂದು ಅಡುಗೆಮನೆ. ಮುಂದಿನ ಕೋಣೆಯಲ್ಲಿ ಗಂಡನ ಹೊಲಿಗೆ ಯಂತ್ರ. ಅವನು ಮಾತು ಕಡಿಮೆಯ ದರ್ಜಿ. ಬಾಯಲ್ಲಿ ಗುಂಡುಸೂಜಿ ಇಟ್ಟುಕೊಂಡೇ ಬೆಳೆದವನಿಗೆ ಮಾತು ಎಲ್ಲಿಂದ ಬರಬೇಕು ಎಂದು ಅವನ ತಾಯಿಯೇ ಹೇಳುತ್ತಿದ್ದಳು. ಮಕ್ಕಳಾಗಲಿಲ್ಲ. ಅದಕ್ಕೂ ಬೀದಿಯವರು ಏನಾದರೂ ಅನ್ನುತ್ತಿದ್ದರೋ ಏನೋ, ಅತ್ತೆಯ ಬಾಯಿಗೆ ಹೆದರಿ ಯಾರೂ ಗಟ್ಟಿಯಾಗಿ ಅನ್ನಲಿಲ್ಲ. ಇಪ್ಪತ್ತು ವರ್ಷ ಅಕ್ಕನ ಸಂಬಳದಲ್ಲಿ ಕಂತು ಮುರಿದು ಮುರಿದು ಮನೆ ಅವರದಾಯಿತು. ಕೊನೆಯ ಕಂತು ತೀರಿದ ವರ್ಷವೇ ನಗರಸಭೆ ಹಳ್ಳದ ದಂಡೆಗೆ ತಡೆಗೋಡೆ ಮಂಜೂರು ಮಾಡಿತು.

ಆ ಸಭೆಯಲ್ಲಿ ಅವಳಿದ್ದಳು. ತಪಾಸಣೆಯವರು ಹಿಂದಿನ ಬೆಂಚಿನಲ್ಲಿ ಕೂತಿರಬೇಕೆಂಬುದು ಪದ್ಧತಿ. ಕೇಳಬಹುದು, ಬಾಯಿ ಬಿಡುವ ಹಾಗಿಲ್ಲ. ನಲವತ್ತನೆಯ ವಿಷಯ ಸದಸ್ಯರ ಕುರ್ಚಿಗೆ ಯಾವ ಬಣ್ಣದ ಮೆತ್ತೆ ಹಾಕಿಸಬೇಕೆಂಬುದು. ಅದಕ್ಕೆ ಎರಡು ಗಂಟೆ ಹಿಡಿಯಿತು. ಒಬ್ಬ ಸದಸ್ಯ ಎದ್ದು ಹೊರಗೂ ಹೋದ. ಅಷ್ಟರಲ್ಲಿ ಎಲ್ಲರಿಗೂ ಹಸಿವು. ನಲವತ್ತೊಂದನೆಯ ವಿಷಯ ತಡೆಗೋಡೆ, ನೂರ ನಲವತ್ತು ಮೀಟರ್. ಅಧ್ಯಕ್ಷ ಓದಿದ್ದಾಗಿ ತಿಳಿಯತಕ್ಕದ್ದು ಅಂದ, ಕೈಗಳು ಎದ್ದವು, ಕೈಗಳು ಇಳಿದವು. ಒಂದು ಸೀನು ಸೀನುವಷ್ಟರಲ್ಲಿ ಹನ್ನೊಂದು ಮನೆಗಳ ಹಣೆಬರಹ ಮುಗಿದಿತ್ತು.

ಅವತ್ತು ಸಂಜೆ ಬೀದಿ ಬೀದಿಯೇ ಅವಳ ಮನೆಯ ಮುಂದೆ. ಬೀಗದವನು ಹಿತ್ತಿಲಲ್ಲಿ ಒಂದು ಕೋಣೆ ಎತ್ತಿ ತಿದಿ, ಅಡಗಲ್ಲು ಎಲ್ಲ ಅಲ್ಲಿಗೆ ಸಾಗಿಸುತ್ತೇನೆ ಅಂದ. ಅತ್ತೆ, ಗೋಡೆ ಯಾವ ಕಡೆಗೆ ಮುಖ ಮಾಡುತ್ತೆ ಕೇಳಿ, ಬಿಸಿಲು ಬೀಳೋ ಹಾಗಿದ್ದರೆ ಕಂಬಳಿ ಹರವೋದಕ್ಕೆ ಚೆನ್ನ ಅಂದಳು. ಹದಿನೈದು ದಿನಕ್ಕೆ ಒಂದು ಲಾರಿ ಕಲ್ಲು ಬಂತು. ಗೂಟ ಹೊಡೆದು ದಾರ ಎಳೆದರು. ದರ್ಜಿ ತನ್ನ ಟೇಪು ತೆಗೆದುಕೊಂಡು ಹೋಗಿ, ಹಿಂಬಾಗಿಲ ಮೆಟ್ಟಿಲಿನಿಂದ ದಡದ ಅಂಚಿನ ತನಕ ಅಳೆದ: ಇಪ್ಪತ್ತೆರಡು ಅಡಿ. ಅಡುಗೆಮನೆಯ ಬಾಗಿಲ ಒಳಮೈಗೆ ಸೀಮೆಸುಣ್ಣದಲ್ಲಿ ಬರೆದಿಟ್ಟ, ಬೇರೆಯವರ ಮನೆಯಲ್ಲಿ ಮಕ್ಕಳ ಎತ್ತರ ಗುರುತು ಹಾಕುವ ಹಾಗೆ.

ಆಮೇಲೆ ಯಾರೂ ಬರಲಿಲ್ಲ. ಮೊದಲು ದಾರ ಹೋಯಿತು, ಆಮೇಲೆ ಗೂಟ, ಆಮೇಲೆ ಒಂದು ದಿನ ಅದೇ ಲಾರಿ ಬಂದು ಕಲ್ಲನ್ನೂ ತುಂಬಿಕೊಂಡು ಹೋಯಿತು.

ಇಲ್ಲಿ ಒಂದು ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಲೆಕ್ಕ ತಪಾಸಣೆಯವರು ತಾವಿರುವ ಬೀದಿಯ ಕಡತವನ್ನು ತಾವು ಮುಟ್ಟುವ ಹಾಗಿರಲಿಲ್ಲ. ಆ ನಿಯಮ ಬಂದದ್ದೇ ಅಕ್ಕನಿಂದ. ಅವಳು ಕೆಲಸಕ್ಕೆ ಸೇರಿದ ಮೂರನೆಯ ವರ್ಷ, ಹಿರಿಯ ತಪಾಸಕನೊಬ್ಬ ತನ್ನದೇ ಬೀದಿಯ ಡಾಂಬರು ಕೆಲಸವನ್ನು ಮನೆಯ ಜಗುಲಿಯಲ್ಲಿ ಚಹಾ ಕುಡಿಯುತ್ತಾ ಕಂಡೆ ಎಂದು ಬರೆದುಬಿಟ್ಟಿದ್ದ. ಅಕ್ಕ ಅದನ್ನು ಹಿಡಿದಳು. ತಾನು ವಾಸಿಸುವ ಬೀದಿಯ ಕೆಲಸದ ಬಗ್ಗೆ ತಪಾಸಕರ ಮಾತನ್ನು ಸಾಕ್ಷ್ಯವೆಂದು ಎಣಿಸತಕ್ಕದ್ದಲ್ಲ ಎಂದು ಅವಳು ಬರೆದ ವಾಕ್ಯ ಹಾಗೆಯೇ ನಿಯಮದ ಪುಸ್ತಕಕ್ಕೆ ಹೋಯಿತು. ಹಿರಿಯನ ಪಿಂಚಣಿ ಅರ್ಧವಾಯಿತು. ಅಂದಿನಿಂದ ಕೋಣೆಯ ಎರಡು ಮೇಜುಗಳಲ್ಲಿ ಬೀದಿಗಳ ಅದಲುಬದಲು: ಅವಳ ಬೀದಿಯ ಕಡತ ಎದುರುಮೇಜಿನವನಿಗೆ, ಅವನ ಬೀದಿಯದು ಅವಳಿಗೆ. ಕೊಟ್ಟ ಮೇಲೆ ಏನಾಯಿತು ಎಂದು ಕೇಳುವ ಹಾಗಿಲ್ಲ, ಹೇಳುವ ಹಾಗೂ ಇಲ್ಲ. ಎರಡು ಮೇಜಿನ ನಡುವೆ ಒಂದೇ ಶಾಯಿಯ ಕುಡಿಕೆ. ಅದರಾಚೆಗೆ ಅವರಿಬ್ಬರಲ್ಲಿ ಹಂಚಿಕೆ ಇರಲಿಲ್ಲ.

ಎದುರುಮೇಜಿನವನು ಮೃದು ಮನುಷ್ಯ. ಗುಡ್ಡದ ಮೇಲೆ ಮೆಟ್ಟಿಲ ಬೀದಿಯಲ್ಲಿ ತಾಯಿಯ ಜೊತೆ ಇದ್ದ. ಆ ಮೆಟ್ಟಿಲುಗಳಿಗೆ ಒಮ್ಮೆ ಕಬ್ಬಿಣದ ಹಿಡಿಕಂಬಿ ಹಾಕಿಸಲು ಹೊರಟರು. ಕಡತ ಅಕ್ಕನ ಮೇಜಿಗೆ ಬಂತು. ಅವಳು ಹೋಗಿ ಕಂಬಿ ತೂಗಿಸಿದಳು: ಬರೆದದ್ದಕ್ಕಿಂತ ಹಗುರ. ಆಕ್ಷೇಪಣೆ ಬರೆದಳು. ಬಿಲ್ಲು ನಿಂತಿತು, ಗುತ್ತಿಗೆದಾರ ಕೆಲಸ ಬಿಟ್ಟ. ಹಿಡಿಕಂಬಿ ನಲವತ್ತೊಂದನೆಯ ಮೆಟ್ಟಿಲಿಗೆ ಬಂದು ಗಾಳಿಯಲ್ಲಿ ನಿಂತಿತು. ಆಕ್ಷೇಪಣೆ ಇತ್ಯರ್ಥವಾಗದೆ ಹನ್ನೊಂದು ವರ್ಷ ಹಾಗೇ ಉಳಿಯಿತು. ಅಷ್ಟರೊಳಗೆ ಅವನ ತಾಯಿ ಹಿಡಿಕಂಬಿಯಿಲ್ಲದ ಕಡೆ ಜಾರಿ ಸೊಂಟ ಮುರಿದುಕೊಂಡಳು. ಅಕ್ಕ ಹಣ್ಣು ತೆಗೆದುಕೊಂಡು ನೋಡಲು ಹೋದಾಗ ಮುದುಕಿ ಬೈಯಲಿಲ್ಲ.

"ಕಂಬಿ ಹಗುರ ಇತ್ತಂತೆ," ಅಂದಳು. "ನಾನೂ ಹಗುರಾನೇ ಇದ್ದೆನಲ್ಲಮ್ಮ. ಸಾಕಾಗ್ತಿತ್ತು."

ಅದರ ಬಗ್ಗೆ ಎದುರುಮೇಜಿನವನು ಎಂದೂ ಒಂದು ಮಾತೂ ಆಡಲಿಲ್ಲ. ಬೆಳಿಗ್ಗೆ ಬಂದು ಕುಡಿಕೆಯ ಮುಚ್ಚಳ ತೆಗೆದು, ಮೊದಲು ಅವಳ ಕಡೆಗೆ ಸರಿಸಿ, ಆಮೇಲೆ ತಾನು ಅದ್ದುತ್ತಿದ್ದ.

ಗೋಡೆ ಬರಲಿಲ್ಲವಲ್ಲ, ಬೀದಿಯವರು ಅಕ್ಕನ ಹತ್ತಿರ ಬಂದರು. ನೀವು ಅಲ್ಲೇ ಇದ್ದೀರಿ, ಒಂದು ಮಾತು ಕೇಳಿ ಅಂದರು. ಆ ಕಡತ ನನ್ನದಲ್ಲ, ಅರ್ಜಿ ಬರೆದು ಕಿಟಕಿಯಲ್ಲಿ ಕೊಡಿ ಎಂದು ಅವಳು ಹೇಳಿ, ಅರ್ಜಿಯಲ್ಲಿನ ತಪ್ಪು ತಿದ್ದಿಕೊಟ್ಟಳು. ವಿಷಯ ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂತು. ಮರುವರ್ಷ ಇನ್ನೊಂದು ಅರ್ಜಿ, ಅದೇ ಉತ್ತರ. ಬಾಗಿಲ ಮೇಲೆ ಹತ್ತೊಂಬತ್ತು ಬಿತ್ತು, ಹದಿನೇಳೂವರೆ ಬಿತ್ತು. ಗಂಡ ಒಂದು ದಿನ ಸೂಜಿಗಳನ್ನು ಬಾಯಿಂದ ತೆಗೆದು, ಒಂದ್ಸಲ ಆ ಫೈಲು ತೆಗೆದು ನೋಡಬಾರದಾ ಎಂದು ಕೇಳಿದ. ಕೈಗೆಟಕುವ ದೂರದಲ್ಲೇ ಇದೆ, ಅದಕ್ಕೇ ಮುಟ್ಟಬಾರದು ಅಂದಳು. ಅವಳ ಮನಸ್ಸಿನಲ್ಲಿ ಲೆಕ್ಕ ಸ್ಪಷ್ಟವಿತ್ತು: ಕಲ್ಲು ವಾಪಸು ಹೋಗಿದೆ, ಹಾಗಾದರೆ ಎದುರುಮೇಜಿನವನು ಆಕ್ಷೇಪಣೆ ಬರೆದಿರುತ್ತಾನೆ, ಹಾಗಾದರೆ ಹಣ ಭದ್ರವಾಗಿದೆ, ಹಾಗಾದರೆ ಇವತ್ತಲ್ಲ ನಾಳೆ ಗೋಡೆ ಬರುತ್ತದೆ. ಆರು ವರ್ಷ ಈ ಲೆಕ್ಕದ ಮೇಲೆ ಅವಳು ನೆಮ್ಮದಿಯಾಗಿ ಮಲಗಿದಳು. ಮೂರನೆಯ ಖಾನೆಯನ್ನು ನಂಬಿ ಬಾಳಿದವಳು ಅದೊಂದನ್ನು ಮಾತ್ರ ಹೋಗಿ ಕಾಣಲಿಲ್ಲ.

ಏಳನೆಯ ವರ್ಷ ನಗರದ ಒಟ್ಟು ಆಸ್ತಿ ವಹಿ ಹೊಸದಾಗಿ ಬರೆಯುವ ಕೆಲಸ ಅವಳ ಮೇಜಿಗೆ ಬಂತು. ಅದು ಒಂದು ಬೀದಿಯದ್ದಲ್ಲ, ಊರಿನದ್ದು, ಮುಟ್ಟಬಹುದಾಗಿತ್ತು. ಸೇತುವೆಗಳು ಮುಗಿದು ಗೋಡೆಗಳ ಪುಟ ಬಂದಾಗ ಅವಳ ಬೀದಿ ಕಂಡಿತು. ತಡೆಗೋಡೆ, ನೂರ ನಲವತ್ತು ಮೀಟರ್, ಕಲ್ಲಿನದು. ಸ್ಥಿತಿ: ಉತ್ತಮ. ಎರಡು ಸಲ ಸುಣ್ಣ ಬಳಿಸಲಾಗಿದೆ. ಪಕ್ಕದಲ್ಲಿ ಹಸಿರು ಶಾಯಿಯಲ್ಲಿ, ಅವಳಿಗೆ ತನ್ನ ಕೈಬರಹದಷ್ಟೇ ಗೊತ್ತಿದ್ದ ಕೈಬರಹದಲ್ಲಿ: ಕಂಡೆ.

ಅವಳು ವಹಿಯನ್ನು ತಿರುಗಿಸಿ ಎದುರುಮೇಜಿಗೆ ತಳ್ಳಿದಳು. ಅವನು ನೋಡಿದ. ಬಹಳ ಹೊತ್ತು ಕುಡಿಕೆಯ ಮುಚ್ಚಳವನ್ನು ತಿರುಗಿಸಿದ, ಅದು ಬಿಗಿಯಾಗಿಯೇ ಇತ್ತು.

"ಕಲ್ಲು ಬಂದಿತ್ತು," ಅಂದ. "ದಾರ ಎಳೆದಿದ್ರು. ಆಕ್ಷೇಪಣೆ ಬರೆದಿದ್ರೆ ಹನ್ನೊಂದು ವರ್ಷ ನಿಲ್ಲೋದು, ನಮ್ಮ ಮೆಟ್ಟಿಲಿನ ಹಾಗೆ. ನಿಮಗೆ ಹಾಗಾಗೋದು ಬೇಡ ಅಂದ್ಕೊಂಡೆ. ದುಡ್ಡು ಸಿಕ್ಕಿದ್ರೆ ಕಟ್ತೀನಿ ಅಂದಿದ್ದ ಗುತ್ತಿಗೆದಾರ."

"ಹೋಗಿ ನೋಡ್ಲಿಲ್ವಾ ಆಮೇಲೆ?"

"ಹೇಗೆ ನೋಡ್ಲಿ? ನೋಡಿದ್ರೆ ಬರೀಬೇಕಲ್ಲ."

ಅವನು ಲಂಚ ತಿಂದಿದ್ದರೆ ಅವಳಿಗೆ ಸಿಟ್ಟಾದರೂ ಬರುತ್ತಿತ್ತು. ಅವನು ಮಾಡಿದ್ದು ಉಪಕಾರ. ತನ್ನ ತಾಯಿಯ ಸೊಂಟ ಮುರಿಸಿದವಳ ಮನೆ ಉಳಿಯಲಿ ಎಂದು, ಜೀವಮಾನದಲ್ಲಿ ಒಂದೇ ಒಂದು ಸಲ, ಕಾಣದ್ದನ್ನು ಕಂಡೆ ಎಂದಿದ್ದ.

ಅಕ್ಕ ಅಂದೇ ಆಕ್ಷೇಪಣೆ ಬರೆದಳು. ಮೂರು ತಿಂಗಳಿಗೆ ಹಣಕಾಸು ಸಮಿತಿ ಕರೆಯಿತು. ಉದ್ದ ಮೇಜು, ಏಳು ಜನ, ಎಲ್ಲರ ಮುಂದೂ ನೀರಿನ ಲೋಟ. ಸಮಿತಿಯ ಮುಖ್ಯಸ್ಥ ದನಿ ಎತ್ತುವ ಮನುಷ್ಯನಲ್ಲ. ಅವಳಿಗೆ ಕುರ್ಚಿ ಕೊಡಿಸಿದ, ಮೂವತ್ತು ವರ್ಷದ ಸೇವೆಯನ್ನು ಹೊಗಳಿದ. ಆಮೇಲೆ ನಿಯಮದ ಪುಸ್ತಕ ತರಿಸಿ ಒಂದು ವಾಕ್ಯ ಓದಿದ. ತಾನು ವಾಸಿಸುವ ಬೀದಿಯ ಕೆಲಸದ ಬಗ್ಗೆ ತಪಾಸಕರ ಮಾತನ್ನು. ಇದನ್ನು ಬರೆದವರು ಯಾರೆಂದು ಪುಸ್ತಕದಲ್ಲಿ ಇಲ್ಲ, ಬಹಳ ಒಳ್ಳೆಯ ವಾಕ್ಯ ಅಂದ. ಅವನು ಅಣಕಿಸುತ್ತಿರಲಿಲ್ಲ, ಅವನಿಗೆ ನಿಜವಾಗಿ ಗೊತ್ತಿರಲಿಲ್ಲ. ಒಬ್ಬರಾದರೂ ಹೋಗಿ ನೋಡಿ ಬನ್ನಿ, ಅರ್ಧ ಗಂಟೆಯ ದಾರಿ ಎಂದು ಅವಳು ಕೇಳಿದಳು. ಕಾಣುವ ಅಧಿಕಾರ ತಪಾಸಣೆಯವರದು, ಸಮಿತಿಯದಲ್ಲ ಎಂದರು. ಹಾಗಾದರೆ ಕಂಡವರನ್ನೇ ಕೇಳೋಣ ಎಂದು ಎದುರುಮೇಜಿನವನನ್ನು ಕರೆಸಿದರು.

ಅವನು ಬಂದು ನಿಂತ. ನಿಜ ಹೇಳುತ್ತೇನೆ ಎಂದು ಹಿಂದಿನ ದಿನ ಅವಳಿಗೆ ಮಾತು ಕೊಟ್ಟಿದ್ದ. ನಿಜ ಹೇಳಿದರೆ ಪಿಂಚಣಿ ಅರ್ಧ, ತಾಯಿಯನ್ನು ನೋಡಿಕೊಳ್ಳುವ ದಾದಿಯನ್ನು ಬಿಡಿಸಬೇಕು, ಅದೂ ಇಬ್ಬರಿಗೂ ಗೊತ್ತಿತ್ತು. ಗೋಡೆಯನ್ನು ಕಂಡಿದ್ದೀರಾ ಎಂದು ಮುಖ್ಯಸ್ಥ ಕೇಳಿದ. ಅವನು ನೀರಿನ ಲೋಟಗಳನ್ನು ಒಂದೊಂದಾಗಿ ನೋಡಿದ, ಎಣಿಸುವ ಹಾಗೆ.

"ಕಂಡಿದ್ದೆ," ಅಂದ.

ನಮೂದಿಸಲಾಯಿತು ಎಂದು ಬರೆದು ವಿಷಯ ಮುಗಿಸಿದರು. ಅದಾದ ಮೇಲೂ ಅವಳ ನಿವೃತ್ತಿಯ ತನಕ ಇಬ್ಬರೂ ಅದೇ ಕೋಣೆಯಲ್ಲಿ, ಅದೇ ಎರಡು ಮೇಜಿನಲ್ಲಿ ಕೂತರು. ಅವನು ಬೆಳಿಗ್ಗೆ ಕುಡಿಕೆಯನ್ನು ಅವಳ ಕಡೆಗೆ ಸರಿಸುವುದನ್ನು ಬಿಡಲಿಲ್ಲ. ಅವಳು ಅದ್ದುವುದನ್ನೂ ಬಿಡಲಿಲ್ಲ.

ಮನೆಯಲ್ಲಿ ಅತ್ತೆಗೆ ಗೋಡೆಯ ಸಂಗತಿ ತಿಳಿದಾಗ ಆ ಮುದುಕಿ ನಕ್ಕದ್ದು ಬೀದಿಗೆಲ್ಲ ಕೇಳಿಸಿತು.

"ಕಾಗದದ ಮೇಲೆ ಎದ್ದಿದೆಯಂತಾ? ಸರಿ ಬಿಡು. ಕಂಬಳಿಯನ್ನೂ ಕಾಗದದ ಮೇಲೇ ಒಣಗಿಸೋಣ."

ಎಲ್ಲ ಬಾಗಿಲೂ ಮುಚ್ಚಿರಲಿಲ್ಲ. ನಗರಸಭೆಯ ಇಂಜಿನಿಯರ್ ಒಬ್ಬ ಬೀದಿಗೆ ಬಂದು ದಡ ನೋಡಿ ಹೌಹಾರಿದ. ಒಳ್ಳೆಯ ಮನಸ್ಸಿನವನು, ದಾರಿ ಒಂದನ್ನು ಹುಡುಕಿಕೊಟ್ಟ. ಇರುವ ಗೋಡೆಯ ಜಾಗದಲ್ಲಿ ಹೊಸ ಗೋಡೆ ಮಂಜೂರಾಗುವುದಿಲ್ಲ. ಆದರೆ ಇದ್ದ ಗೋಡೆ ಪ್ರವಾಹಕ್ಕೆ ಬಿದ್ದಿದೆ ಎಂದಾದರೆ ತುರ್ತು ನಿಧಿಯಿಂದ ಒಂದೇ ತಿಂಗಳಲ್ಲಿ ಕಟ್ಟಿಸಬಹುದು. ಹಳ್ಳದಲ್ಲಿ ಒಂದಿಷ್ಟು ಕಲ್ಲು ಬಿದ್ದಿರಲಿ, ನಾನು ಅಳೆಯುತ್ತೇನೆ. ಬಿದ್ದದ್ದನ್ನು ಕಂಡೆವು ಎಂದು ದಂಡೆಯ ಹನ್ನೊಂದೂ ಮನೆಯವರು ಸಹಿ ಹಾಕಿ ಕೊಡಿ. ಒಂದು ಕಡಿಮೆಯಾದರೂ ನಡೆಯುವುದಿಲ್ಲ.

ಬೀಗದವನು ಹಣ ಒಟ್ಟುಮಾಡಿ ಎರಡು ಗಾಡಿ ಒಡಕು ಕಲ್ಲು ತರಿಸಿ ಹಳ್ಳಕ್ಕೆ ಸುರಿಸಿದ. ಹತ್ತು ಮನೆಯ ಸಹಿ ಒಂದೇ ಬೆಳಿಗ್ಗೆ ಆಯಿತು. ಹನ್ನೊಂದನೆಯದಕ್ಕೆ ಅವನು ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಬಂದ. ದರ್ಜಿಯ ಯಂತ್ರ ನಿಂತಿತು.

"ಅಕ್ಕ, ಲೆಕ್ಕಕ್ಕೆ ಅಂತ ಅಲ್ಲ," ಅಂದ. "ಪಕ್ಕದ ಮನೆಯವಳಾಗಿ ಒಂದು ಸಹಿ."

ಅವಳು ಕಾಗದವನ್ನು ಎರಡು ಸಲ ಓದಿದಳು. ಗೋಡೆ ಬಿತ್ತು ಎಂದು ಬರೆದರೆ ಗೋಡೆ ಇತ್ತು ಎಂದಾಗುತ್ತದೆ. ಇತ್ತು ಎಂದಾದರೆ ಕದ್ದವನು ಕಟ್ಟಿದವನಾಗುತ್ತಾನೆ, ಬಳಿಯದ ಸುಣ್ಣ ಬಳಿದದ್ದಾಗುತ್ತದೆ, ತಾನು ಕುಟ್ಟಿ ಮುಟ್ಟಿ ಎಣಿಸಿದ ಮೂವತ್ತು ವರ್ಷ ಯಾವುದಕ್ಕೆ ಎಂದಾಗುತ್ತದೆ. ಹೀಗೆಲ್ಲ ಅವಳು ಅವನಿಗೆ ಬಿಡಿಸಿ ಹೇಳಿದಳು. ಅವನು ಕೊನೆಯ ತನಕ ಕೇಳಿದ. ಗಂಡ ಟೇಪನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದ.

"ಇಲ್ಲದ ಗೋಡೆ ಬೀಳೋದಿಲ್ಲ," ಎಂದು ಅವಳು ಕಾಗದ ವಾಪಸು ಕೊಟ್ಟಳು.

"ಆಗಲಿ ಮೇಡಂ," ಅಂದ ಬೀಗದವನು.

ಅಷ್ಟೇ. ಅಕ್ಕ ಎನ್ನುವುದು ಆ ದಿನಕ್ಕೆ ಮುಗಿಯಿತು. ಹಾಲಿನವಳು ಸುರಿದು ಹೋಗುತ್ತಿದ್ದಳು, ತೊಟ್ಟು ಹೆಚ್ಚಿಲ್ಲ, ಮಾತಿಲ್ಲ. ದೇವರ ರಸೀದಿಯ ಹಾಸ್ಯವನ್ನು ಮತ್ತೆ ಯಾರೂ ಹೇಳಲಿಲ್ಲ. ಹಾಸ್ಯ ಮಾಡುವುದಕ್ಕೂ ಸ್ವಲ್ಪ ಪ್ರೀತಿ ಬೇಕು.

ನಿವೃತ್ತಿಯ ದಿನ ಉಗ್ರಾಣದವನು ಅವಳ ಪೆನ್ನು ವಾಪಸು ತೆಗೆದುಕೊಂಡ. ಹಸಿರು ಶಾಯಿ ಕಚೇರಿಯ ಸ್ವತ್ತು. ಬೆರಳಿನ ಕಲೆಯನ್ನು ಮಾತ್ರ ಕೇಳಲಿಲ್ಲ. ಮರುವರ್ಷದ ಮಳೆಗೆ ಬೀಗದವನ ಹಿತ್ತಿಲ ಕೋಣೆ, ಗೋಡೆಯನ್ನು ನಂಬಿ ಎತ್ತಿದ್ದ ಅದೇ ಕೋಣೆ, ನಡುಮಧ್ಯಾಹ್ನ ತಿದಿ, ಅಡಗಲ್ಲು, ನೂರಾರು ಬೀಗಗಳ ಸಮೇತ ಹಳ್ಳಕ್ಕೆ ಇಳಿಯಿತು. ಅವನು ಊಟಕ್ಕೆ ಎದ್ದಿದ್ದ, ಬದುಕಿಕೊಂಡ. ಅಕ್ಕ ಓಡಿ ಹೋಗಿ ಅಂಚಿನಲ್ಲಿ ನಿಂತಳು. ಕೆಸರಿನಲ್ಲಿ ಒಂದು ಬೀಗ ಬಾಯಿ ತೆರೆದು ಬಿದ್ದಿತ್ತು. ಅವನು ಅವಳ ಕಡೆ ತಿರುಗಿ ಬೈದಿದ್ದರೆ ಚೆನ್ನಾಗಿತ್ತು. ಹುಷಾರು ಮೇಡಂ, ಅಲ್ಲಿ ಮಣ್ಣು ಸಡಿಲ ಅಂದ.

ತಿಂಗಳೊಳಗೆ ನೋಟೀಸು ಬಂತು. ಹನ್ನೊಂದೂ ಮನೆಗಳು ತಡೆಗೋಡೆಯ ನಿರ್ವಹಣೆಗೆ ಬಿಡಬೇಕಾದ ಜಾಗದೊಳಗೆ ಬರುತ್ತವೆ, ಖಾಲಿ ಮಾಡತಕ್ಕದ್ದು. ಗೋಡೆ ಸುಸ್ಥಿತಿಯಲ್ಲಿರುವುದರಿಂದ ಕುಸಿತಕ್ಕೆ ನಗರಸಭೆ ಹೊಣೆಯಲ್ಲ, ಪರಿಹಾರವಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತಲ್ಲ, ಹಾಗೆ ಕಟ್ಟಿ, ಹುಲ್ಲು ಹಾಕಿ, ಕರುವಿಗೆ ಜಾಗ ಬಿಡಿ ಎಂದು ಮನೆಯವರನ್ನೇ ಹೊರಗೆ ಹಾಕಿದರು. ಅಕ್ಕ ನೋಟೀಸನ್ನು ಕಿಟಕಿಯ ಬೆಳಕಿಗೆ ಹಿಡಿದು ಮೊದಲಿನಿಂದ ಕೊನೆಯ ತನಕ ಪರಿಶೀಲಿಸಿದಳು. ಸಂಖ್ಯೆ ಸರಿ, ದಿನಾಂಕ ಸರಿ, ಸಹಿ ಸರಿ, ಉಲ್ಲೇಖಿಸಿದ ನಿಯಮಗಳೂ ಸರಿ. ತಪ್ಪೆಂದು ಗೀಟು ಎಳೆಯುವುದಕ್ಕೆ ಅದರಲ್ಲಿ ಎಲ್ಲೂ ಏನೂ ಇರಲಿಲ್ಲ.

ಬಿಡುವ ದಿನ ಬೆಳಿಗ್ಗೆ ದರ್ಜಿ ಕೊನೆಯ ಸಲ ಅಳೆದ: ನಾಲ್ಕು ಅಡಿ ಎರಡು ಅಂಗುಲ. ಸೀಮೆಸುಣ್ಣ ಕೈಯಲ್ಲೇ ಇತ್ತು, ಬಾಗಿಲ ಮೇಲೆ ಬರೆಯಲಿಲ್ಲ. ಹೊಲಿಗೆ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿದ. ಅತ್ತೆಗೆ ಆಗಲೇ ಎಂಬತ್ತಾರು. ನಡುಕೋಣೆಯಲ್ಲಿ ಸುತ್ತಿಟ್ಟ ಹಾಸಿಗೆಯ ಮೇಲೆ ಕೂತು, ನನ್ನನ್ನು ಕೊನೆಗೆ ಹಾಕಿ, ಗಂಟುಮೂಟೆ ಬಿದ್ದರೆ ಎತ್ತಬಹುದು, ನಾನು ಬಿದ್ದರೆ ಎತ್ತೋರಿಲ್ಲ ಎನ್ನುತ್ತಿದ್ದಳು.

ಮನೆ ವಶಕ್ಕೆ ತೆಗೆದುಕೊಳ್ಳಲು ಕಚೇರಿಯಿಂದ ಒಬ್ಬ ಗುಮಾಸ್ತ ಬಂದ. ಅರ್ಧ ತಲೆ ನರೆತವನು, ಅಕ್ಕನನ್ನು ಬಲ್ಲವನು, ಕಣ್ಣಿಗೆ ಕಣ್ಣು ಕೊಡಲಾರದವನು. ಅವನ ಹತ್ತಿರ ಒಂದು ಹಾಳೆ ಇತ್ತು. ಸಹಿ ಹಾಕಿದರೆ ಸಾಮಾನಿಗೆ ಗಾಡಿ, ಮೂರು ತಿಂಗಳ ಬಾಡಿಗೆ. ಹಾಕದಿದ್ದರೆ ಎರಡೂ ಇಲ್ಲ. ಉಳಿದ ಹತ್ತು ಮನೆಯವರು ಹಾಕಿ ಹೋಗಿಯಾಗಿತ್ತು. ಗಾಡಿ ಬೀದಿಯ ತುದಿಯಲ್ಲಿ ನಿಂತಿತ್ತು. ಹೊಸ ಬಾಡಿಗೆ ಕೋಣೆ ಊರಿನ ಆ ಕೊನೆಗೆ, ಅತ್ತೆ ನಡೆಯುವ ದೂರವಲ್ಲ. ಹಾಳೆಯ ಕೆಳಗೆ ಒಂದು ಸಾಲು: ಹಿತ್ತಿಲ ತಡೆಗೋಡೆ ಸುಸ್ಥಿತಿಯಲ್ಲಿದೆ. ಅದರ ಮುಂದೆ ಒಂದು ಖಾಲಿ ಖಾನೆ.

ಅಕ್ಕ ಹಾಳೆಯನ್ನು ಕೈಯಲ್ಲಿ ಹಿಡಿದು ಹಿಂಬಾಗಿಲ ತನಕ ಹೋಗಿ ನಿಂತಳು. ನೀವು ಒಂದ್ಸಲ ಬಂದು ನೋಡಿ ಎಂದು ಗುಮಾಸ್ತನಿಗೆ ಹೇಳಿದಳು. ಬೇಡಮ್ಮ, ನೋಡಿದ ಮೇಲೆ ನನಗೆ ಊಟ ಸೇರೋದಿಲ್ಲ ಎಂದು ಅವನು ಮುಂಬಾಗಿಲಲ್ಲೇ ಉಳಿದ.

ನಡುಕೋಣೆಯಿಂದ ಅತ್ತೆ ಅಂದಳು, ಈ ಸಲ ನಗದೆ:

"ಬರೆದುಬಿಡೇ. ಅವತ್ತು ಬರೆದಿದ್ರೆ ಗೋಡೆ ಬರ್ತಿತ್ತು. ಇವತ್ತು ಬರೆದ್ರೆ ಗಾಡಿಯಾದ್ರೂ ಬರುತ್ತೆ."

ಅಕ್ಕ ಮುಂಬಾಗಿಲಿಗೆ ಬಂದು ಪೆನ್ನು ಕೇಳಿದಳು. ಗುಮಾಸ್ತ ಜೇಬಿನ ನೀಲಿ ಪೆನ್ನು ಕೊಟ್ಟ. ಅವಳು ಮತ್ತೆ ಒಳಗೆ ಹೋಗಿ ಹಾಳೆಯನ್ನು ಅಡುಗೆಮನೆಯ ಬಾಗಿಲ ಒಳಮೈಗೆ, ಇಪ್ಪತ್ತೆರಡರಿಂದ ಇಳಿದು ಬಂದ ಸೀಮೆಸುಣ್ಣದ ಅಂಕಿಗಳ ಮೇಲೆ, ಒತ್ತಿ ಹಿಡಿದು ಖಾನೆಯಲ್ಲಿ ಬರೆದಳು: ಕಂಡೆ. ಕೆಳಗೆ ಸಹಿ ಹಾಕಿದಳು. ಹಾಳೆಯ ಬೆನ್ನಿಗೆ ಸುಣ್ಣ ಅಂಟಿತ್ತು, ಒರೆಸಿ ಕೊಟ್ಟಳು.

ಗಾಡಿ ಬಾಗಿಲಿಗೆ ಬಂತು. ಯಂತ್ರ ಏರಿತು, ಗಂಟುಗಳು ಏರಿದವು. ದರ್ಜಿ ತಾಯಿಯನ್ನು ಎತ್ತಿಕೊಂಡು ಹೋಗಿ ಹಾಸಿಗೆಯ ಮೇಲೆ ಕೂರಿಸಿದ. ಅಕ್ಕ ಒಳಗೆ ಹೋಗಿ ನಲ್ಲಿ ಬಿಗಿ ಮಾಡಿದಳು, ಹಿಂಬಾಗಿಲ ಅಗುಳಿ ಹಾಕಿದಳು, ಹೊರಗೆ ಬಂದು ಬೀಗ ಹಾಕಿದಳು. ಅದು ಪಕ್ಕದ ಮನೆಯವನು ಮಾಡಿಕೊಟ್ಟ ಬೀಗ. ಒಂದೇ ತಿರುವಿಗೆ ಕೂತಿತು. ಬೀಗದ ಕೈಯನ್ನು ಗುಮಾಸ್ತನಿಗೆ ಕೊಟ್ಟಳು. ಅವನು ಪುಸ್ತಕದಿಂದ ರಸೀದಿ ಹರಿದು ಕೊಟ್ಟ. ಅವಳು ಅಭ್ಯಾಸದಂತೆ ಓದಿದಳು. ದಿನಾಂಕ ಹಿಂದಿನ ದಿನದ್ದು.

ಗಾಡಿಯ ಪಕ್ಕದಲ್ಲಿ ನಿಂತಿದ್ದ ಗಂಡನಿಗೂ ಅದು ಗೊತ್ತಾಯಿತು, ಅವಳ ಬೆರಳು ನಿಂತ ಜಾಗದಿಂದ. ಅವನು ಕಾದ. ಗುಮಾಸ್ತನೂ ಕಾದ, ಪೆನ್ನಿನ ಮುಚ್ಚಳ ತೆಗೆದು ತಿದ್ದಲು ಸಿದ್ಧನಾಗಿ.

ಅವಳು ರಸೀದಿಯನ್ನು ಎರಡು ಮಡಿಕೆ ಮಾಡಿ ಚೀಲದೊಳಗೆ ಹಾಕಿಕೊಂಡು ಮೆಟ್ಟಿಲಿಳಿದಳು.